ಹಳ್ಳಿಗಾಡಿನ ಸುಣ್ಣದ ಗೂಡುಗಳು

ನಾಡಿನ ಪ್ರಾಚೀನ ವೈಭವವನ್ನು ಕುರಿತು ಮಾತನಾಡುವಾಗ ಕೋಟೆ, ಗುಡಿ, ಗೋಪುರ, ಗುಮ್ಮಟಗಳನ್ನು ಹೆಸರಿಸುವುದು ಎಲ್ಲರ ರೂಢಿ. ಆದರೆ ಆ ಗೋಪುರದ ಇಟ್ಟಿಗೆಗೆ ಇಟ್ಟಿಗೆಯನ್ನು ಬೆಸೆದ ವಸ್ತು ಯಾವುದು, ಅದು ಎಲ್ಲಿ ಬೆಂದಿತು, ಯಾರ ಕೈಯಲ್ಲಿ ಹದಗೊಂಡಿತು ಎಂದು ವಿಚಾರಿಸುವವರು ವಿರಳ. ಊರ ಹೊರಗೆ, ಹಳ್ಳದ ದಂಡೆಯಲ್ಲಿ, ಜಾಲಿಯ ಮುಳ್ಳು ಮುಸುಕಿಕೊಂಡು ನಿಂತಿರುವ ಒಂದು ದುಂಡನೆಯ ಮೋಟುಗೋಡೆಯೇ ಆ ಪ್ರಶ್ನೆಗೆ ಉತ್ತರವಾಗಿರುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಅದಕ್ಕೆ ಸುಣ್ಣದ ಗೂಡು ಎಂದು ಹೆಸರು. ಉತ್ತರದ ಕಡೆಯಲ್ಲಿ ಸುಣ್ಣದ ಭಟ್ಟಿ ಎನ್ನುತ್ತಾರೆ. ಈ ಗೂಡುಗಳು ಯಾವುವು, ಅವು ಹೇಗೆ ಉರಿಯುತ್ತಿದ್ದವು, ಇಂದು ಅವನ್ನು ನೋಡುವುದರಿಂದ ಆಗುವ ಪ್ರಯೋಜನವೇನು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಶಬ್ದವಿಚಾರ

ಸಂಸ್ಕೃತದ ‘ಚೂರ್ಣ’ವೆಂಬ ಶಬ್ದವು ಪ್ರಾಕೃತದಲ್ಲಿ ‘ಚುಣ್ಣ’ವಾಗಿ ಕನ್ನಡದಲ್ಲಿ ‘ಸುಣ್ಣ’ವೆಂದು ನೆಲೆಗೊಂಡಿದೆ. ಚತುರನು ‘ಸದುರ’ನಾದಂತೆ ಇಲ್ಲಿ ಚಕಾರವು ಸಕಾರವಾಗಿದೆ; ವರ್ಣವು ‘ಬಣ್ಣ’ವಾದಂತೆ ರೇಫವು ಅಳಿದು ಣಕಾರವು ಇಮ್ಮಡಿಸಿದೆ. ಹಿಂದಿಯ ‘ಚೂನಾ’, ತಮಿಳಿನ ‘ಚುಣ್ಣಾಂಬು’, ತೆಲುಗಿನ ‘ಸುನ್ನಮು’ ಇವೆಲ್ಲ ಒಂದೇ ಬೇರಿನ ಕವಲುಗಳು. ಚೂರ್ಣವೆಂದರೆ ಪುಡಿ. ವಜ್ರದಂತೆ ಕಠಿಣವಾದ ಕಲ್ಲು ಬೆಂಕಿಯಲ್ಲಿ ಬೆಂದು ನೀರು ಸೋಂಕಿದೊಡನೆ ತಾನಾಗಿ ಪುಡಿಯಾಗುವುದನ್ನು ಕಂಡವರು ಇಟ್ಟ ಅನ್ವರ್ಥನಾಮವಿದು.

ಜನವಾಣಿಯಲ್ಲಿಯೂ ಈ ವಸ್ತುವಿನ ಗುಣವು ಚೆನ್ನಾಗಿ ಮೂಡಿದೆ. ಶಕ್ತಿಯೆಲ್ಲ ಸೋರಿಹೋಗುವಂತೆ ದುಡಿದವನನ್ನು ‘ದುಡಿದು ಸುಣ್ಣವಾದ’ ಎನ್ನುವುದುಂಟು. ಗೂಡಿನಿಂದ ಹೊರಬಂದ ಕಲ್ಲು ಆಕಾರದಲ್ಲಿ ಹಿಂದಿನಂತೆಯೇ ಇದ್ದರೂ ತೂಕದಲ್ಲಿ ಅರ್ಧಕ್ಕೆ ಸಮೀಪವಾಗಿರುತ್ತದೆ, ಹಿಡಿದರೆ ಮುರಿಯುತ್ತದೆ ಎಂಬುದನ್ನು ಬಲ್ಲವರಿಗೆ ಈ ಮಾತಿನ ಸ್ವಾರಸ್ಯ ತಿಳಿಯುತ್ತದೆ. ಪಕ್ಷಪಾತವನ್ನು ಖಂಡಿಸುವಾಗ ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎನ್ನುತ್ತಾರೆ. ಬಹುದಿನ ನೀರಿನಲ್ಲಿ ನೆನೆದ ಸುಣ್ಣವು ಬಣ್ಣದಲ್ಲಿಯೂ ನುಣುಪಿನಲ್ಲಿಯೂ ಬೆಣ್ಣೆಯನ್ನೇ ಹೋಲುತ್ತದೆ. ಆದರೆ ಒಂದು ತಂಪು, ಇನ್ನೊಂದು ಕಣ್ಣನ್ನೇ ಕಳೆಯುವಂಥದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರೇ ಈ ಗಾದೆಯನ್ನು ಕಟ್ಟಿರಬೇಕು.

ಕಲ್ಲು, ಹರಳು, ಚಿಪ್ಪು

ಸುಣ್ಣಕ್ಕೆ ಮೂಲದ್ರವ್ಯ ಕರ್ನಾಟಕದಲ್ಲಿ ಮೂರು ಬಗೆಯಾಗಿ ದೊರೆಯುತ್ತದೆ. ಮೊದಲನೆಯದು ಸುಣ್ಣಶಿಲೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ, ಲೋಕಾಪುರಗಳ ಸುತ್ತಣ ಶಿಲಾಸ್ತರಗಳು ನೂರು ಕೋಟಿ ವರ್ಷಗಳಿಗೂ ಮಿಗಿಲಾದ ಪ್ರಾಚೀನತೆಯುಳ್ಳವು. ಭೂವಿಜ್ಞಾನಿಗಳು ಆ ಸ್ತರಸಮೂಹಕ್ಕೆ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಸೇಡಂ ಪ್ರದೇಶಗಳ ಶಿಲೆಗೆ ಭೀಮಾ ನದಿಯ ಹೆಸರು ಬಂದಿದೆ. ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದ ಕಲ್ಲು ಇದೇ ಸುಣ್ಣಶಿಲೆ. ಕಾಗಿಣಾ ನದಿಯ ತಡಿಯ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ನೃಪತುಂಗನು ಆಳಿದ ಆ ನೆಲದ ಕೋಟೆಯ ಗೋಡೆಯಲ್ಲಿ ಕಾಣುವುದೂ ಈ ಕಲ್ಲೇ, ಇಂದು ಸಮೀಪದ ಸಿಮೆಂಟು ಕಾರ್ಖಾನೆಗೆ ಆಹಾರವಾಗಿರುವುದೂ ಈ ಕಲ್ಲೇ.

ಎರಡನೆಯದು ಎರೆಭೂಮಿಯಲ್ಲಿ ಸಿಕ್ಕುವ ಸುಣ್ಣದ ಹರಳು. ಮಳೆಯ ನೀರು ನೆಲದೊಳಗಿನ ಸುಣ್ಣದಂಶವನ್ನು ಕರಗಿಸಿಕೊಂಡು ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಆ ಅಂಶವು ಮಣ್ಣಿನಲ್ಲಿ ಗಂಟುಗಂಟಾಗಿ ಉಳಿಯುತ್ತದೆ. ಹಳ್ಳವು ದಂಡೆಯನ್ನು ಕೊರೆದಾಗ ಈ ಹರಳುಗಳು ಹೊರಬೀಳುತ್ತವೆ. ದೊಡ್ಡ ಗಣಿಯ ಅಗತ್ಯವಿಲ್ಲದೆ ಬುಟ್ಟಿಯಲ್ಲಿ ಆಯ್ದು ತರಬಹುದಾಗಿದ್ದುದರಿಂದ ಬಯಲುಸೀಮೆಯ ಊರುಗಳಲ್ಲಿ ಸಣ್ಣ ಗೂಡುಗಳು ಹಬ್ಬಲು ಇದು ಕಾರಣವಾಯಿತು. ಹರಳಿನಲ್ಲಿ ಜೇಡಿಯ ಅಂಶವೂ ಬೆರೆತಿರುವುದರಿಂದ ಅದರ ಸುಣ್ಣವು ಬಿಳುಪಿನಲ್ಲಿ ಕಡಮೆ, ಬಿಗಿಯುವ ಗುಣದಲ್ಲಿ ಹೆಚ್ಚು.

ಮೂರನೆಯದು ಕರಾವಳಿಯ ಚಿಪ್ಪು. ಅಘನಾಶಿನಿಯಂಥ ನದಿಗಳು ಕಡಲನ್ನು ಕೂಡುವ ಅಳಿವೆಗಳಲ್ಲಿ ಕಪ್ಪೆಚಿಪ್ಪುಗಳ ರಾಶಿಯೇ ದೊರೆಯುತ್ತದೆ. ಚಿಪ್ಪು ಬಹುಮಟ್ಟಿಗೆ ಶುದ್ಧವಾದ ಸುಣ್ಣದ್ರವ್ಯವಾದ್ದರಿಂದ ಚಿಪ್ಪುಸುಣ್ಣವು ಅತ್ಯಂತ ಬಿಳಿ. ಗೋಡೆಗೆ ಬಳಿಯಲೂ ತಾಂಬೂಲಕ್ಕೂ ಅದನ್ನೇ ಶ್ರೇಷ್ಠವೆಂದು ಎಣಿಸುತ್ತ ಬಂದಿದ್ದಾರೆ.

ಗೂಡಿನ ರಚನೆ

ಗೂಡಿನ ವಿನ್ಯಾಸವು ಸರಳವಾದುದಾದರೂ ಅದರ ಪ್ರತಿಯೊಂದು ಭಾಗಕ್ಕೂ ಕಾರಣವುಂಟು. ದುಂಡನೆಯ ಒಡಲು, ಮೇಲೆ ತೆರೆದ ಬಾಯಿ, ಬುಡದಲ್ಲಿ ಗಾಳಿಗಂಡಿಗಳು: ಇಷ್ಟೇ ಅದರ ಸ್ವರೂಪ. ಒಡಲು ದುಂಡಗಿರುವುದರಿಂದ ಕಾವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ; ಮೂಲೆಗಳಿದ್ದರೆ ಅಲ್ಲಿಯ ಕಲ್ಲು ಬೇಯದೆ ಉಳಿಯುತ್ತದೆ. ಗೋಡೆಯನ್ನು ದಪ್ಪನಾಗಿ ಕಲ್ಲುಮಣ್ಣಿನಿಂದ ಕಟ್ಟಿ, ಒಳಮೈಗೆ ಬೆಂಕಿಯನ್ನು ತಾಳಬಲ್ಲ ಜೇಡಿಯನ್ನು ಮೆತ್ತುತ್ತಿದ್ದರು. ದೊಡ್ಡ ಗೂಡುಗಳನ್ನು ದಿಬ್ಬದ ಇಳಿಜಾರಿಗೆ ಆನಿಸಿ ಕಟ್ಟುವುದು ವಾಡಿಕೆ. ಹೀಗೆ ಮಾಡಿದರೆ ಕಲ್ಲು ತುಂಬಿದ ಬಂಡಿಯು ದಿಬ್ಬದ ಮೇಲಿನಿಂದ ನೇರವಾಗಿ ಬಾಯಿಗೆ ಬರುತ್ತದೆ. ಬೆಂದ ಸುಣ್ಣವನ್ನು ಕೆಳಗಣ ಕಂಡಿಯಿಂದ ಎಳೆದುಕೊಳ್ಳಬಹುದು. ಹೊರುವ ಶ್ರಮ ಅರ್ಧಕ್ಕರ್ಧ ತಗ್ಗುತ್ತದೆ.

ಕರಾವಳಿಯ ಚಿಪ್ಪಿನ ಗೂಡುಗಳು ಚಿಕ್ಕವು. ಇದ್ದಿಲನ್ನೂ ಚಿಪ್ಪನ್ನೂ ಪದರಪದರವಾಗಿ ಒಟ್ಟಿ, ಬುಡದಲ್ಲಿ ಬೆಂಕಿಯಿಟ್ಟು, ತಿದಿಯಿಂದಲೋ ಕೈಯಿಂದ ತಿರುಗಿಸುವ ಗಾಳಿಚಕ್ರದಿಂದಲೋ ಗಾಳಿಯೂದುತ್ತಿದ್ದರು. ಚಿಪ್ಪು ತೆಳುವಾದ್ದರಿಂದ ಬೇಗನೆ ಬೇಯುತ್ತದೆ. ಕಲ್ಲಿನ ಗೂಡಿಗೆ ಹಲವು ದಿನಗಳ ಉರಿ ಬೇಕು.

ಗೂಡುಗಳಲ್ಲಿ ಎರಡು ಜಾತಿ. ಒಮ್ಮೆ ತುಂಬಿ, ಸುಟ್ಟು, ಆರಿಸಿ, ಬರಿದುಮಾಡಿ ಮತ್ತೆ ತುಂಬುವುದು ಒಂದು ಕ್ರಮ. ಮೇಲಿನಿಂದ ಕಲ್ಲು ಮತ್ತು ಉರುವಲನ್ನು ಹಾಕುತ್ತ ಕೆಳಗಿನಿಂದ ಸುಣ್ಣವನ್ನು ತೆಗೆಯುತ್ತ ಬೆಂಕಿ ಆರದಂತೆ ನಡೆಸುವುದು ಇನ್ನೊಂದು ಕ್ರಮ. ಮೊದಲನೆಯದರಲ್ಲಿ ಪ್ರತಿಸಲವೂ ಗೋಡೆಯನ್ನು ಹೊಸದಾಗಿ ಕಾಯಿಸಬೇಕಾದ್ದರಿಂದ ಉರುವಲು ಹೆಚ್ಚು ವ್ಯಯವಾಗುತ್ತದೆ. ಆದರೆ ಊರಿಗೆ ಬೇಕಾದಾಗ ಬೇಕಾದಷ್ಟೇ ಸುಡುವವರಿಗೆ ಅದೇ ಅನುಕೂಲ.

ಬೆಂಕಿ, ನೀರು, ಗಾಳಿ

ಸುಣ್ಣದ ಕಥೆಯನ್ನು ಮೂರು ಭೂತಗಳ ಕಥೆಯೆಂದು ಹೇಳಬಹುದು. ಸುಣ್ಣಶಿಲೆಯು ರಸಾಯನಶಾಸ್ತ್ರದ ಪ್ರಕಾರ ಕ್ಯಾಲ್ಸಿಯಂ ಕಾರ್ಬೊನೇಟು. ಸುಮಾರು 900 ಸೆಂಟಿಗ್ರೇಡ್ ಕಾವಿನಲ್ಲಿ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ಶುದ್ಧವಾದ ಕಲ್ಲು 100 ಮಣ ಇದ್ದರೆ 44 ಮಣದಷ್ಟು ವಾಯುರೂಪವಾಗಿ ಹಾರಿ 56 ಮಣ ಸುಟ್ಟ ಸುಣ್ಣ ಉಳಿಯುತ್ತದೆ. ‘ಸುಣ್ಣವಾಗುವುದು’ ಎಂಬ ನುಡಿಗಟ್ಟಿನ ಲೆಕ್ಕಾಚಾರವೇ ಇದು.

ಈ ಹಂತದಲ್ಲಿ ಹದವೇ ಸರ್ವಸ್ವ. ಕಾವು ಸಾಲದಾದರೆ ಕಲ್ಲಿನ ಹೊರಮೈ ಸುಣ್ಣವಾಗಿ ನಡುವಿನ ತಿರುಳು ಕಲ್ಲಾಗಿಯೇ ಉಳಿಯುತ್ತದೆ. ಕಾವು ಮಿತಿಮೀರಿದರೆ ಸುಣ್ಣವು ಬಿಗಿದುಕೊಂಡು ನೀರನ್ನು ಬೇಗ ಹೀರದಂತಾಗುತ್ತದೆ. ಅಂಥ ಹರಳುಗಳು ಗಾರೆಯಲ್ಲಿ ಸೇರಿದರೆ ಗೋಡೆಗೆ ಹಚ್ಚಿದ ಎಷ್ಟೋ ದಿನಗಳ ಮೇಲೆ ನೀರುಂಡು ಉಬ್ಬಿ ಗಿಲಾವನ್ನು ಸಿಡಿಸುತ್ತವೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಜ್ವಾಲೆಯ ಬಣ್ಣ, ಹೊಗೆಯ ದಟ್ಟಣೆ, ಒಟ್ಟಿಲು ಕುಸಿಯುವ ಪ್ರಮಾಣ ಇವನ್ನು ನೋಡಿಯೇ ಗೂಡಿನವನು ಹದವನ್ನು ತಿಳಿಯಬೇಕಾಗಿತ್ತು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ರಾತ್ರಿಯೆಲ್ಲ ಗೂಡಿನ ಮಗ್ಗುಲಲ್ಲಿ ಎಚ್ಚರವಿದ್ದವರಿಗೆ ಒಲಿಯುವಂಥದು.

ಎರಡನೆಯದು ನೀರಿನ ಹಂತ. 56 ಮಣ ಸುಟ್ಟ ಸುಣ್ಣವು 18 ಮಣ ನೀರನ್ನು ತನ್ನಲ್ಲಿ ಅಡಗಿಸಿಕೊಂಡು 74 ಮಣದ ಅರಳಿದ ಸುಣ್ಣವಾಗುತ್ತದೆ. ನೀರು ಬಿದ್ದೊಡನೆ ಹರಳುಗಳು ಬುಸುಗುಟ್ಟಿ, ಬಿರಿದು, ಉಬ್ಬಿ, ಕೊತಕೊತನೆ ಕುದಿಯುತ್ತವೆ. ಕೆಳಗೆ ಬೆಂಕಿಯಿಲ್ಲದೆ ನೀರು ಕುದಿಯುವ ಈ ದೃಶ್ಯ ಎಂಥವರಿಗೂ ಬೆರಗುಂಟುಮಾಡುತ್ತದೆ. ಕನ್ನಡಿಗರು ಈ ಕ್ರಿಯೆಗೆ ‘ಅರಳುವುದು’ ಎಂದು ಹೆಸರಿಟ್ಟಿದ್ದಾರೆ. ಮೊಗ್ಗು ಹೂವಾಗುವುದಕ್ಕೂ ಕಲ್ಲು ಸುಣ್ಣವಾಗುವುದಕ್ಕೂ ಒಂದೇ ಕ್ರಿಯಾಪದ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಗಲು ಬಿಟ್ಟಷ್ಟೂ ಅದು ನುಣುಪಾಗುತ್ತದೆ.

ಮೂರನೆಯದು ಗಾಳಿಯ ಹಂತ. ಗೋಡೆಗೆ ಸೇರಿದ ಸುಣ್ಣವು ವಾತಾವರಣದ ಇಂಗಾಲಾಮ್ಲ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತ ಪುನಃ ಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡುದನ್ನು ಗೋಡೆಯಲ್ಲಿ ಮರಳಿ ಪಡೆಯುತ್ತದೆ. ಕಲ್ಲಾಗಿ ಹುಟ್ಟಿ, ಪುಡಿಯಾಗಿ, ಬೆಣ್ಣೆಯಾಗಿ, ಕಡೆಗೆ ಕಲ್ಲಾಗಿಯೇ ನಿಲ್ಲುವುದು ಈ ಚಕ್ರದ ಸ್ವರೂಪ.

ಗಾರೆಯ ಮಹಿಮೆ

ಸುಣ್ಣಕ್ಕೆ ಮರಳು ಬೆರೆಸಿದರೆ ಸಾಮಾನ್ಯ ಗಾರೆ. ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿಯನ್ನು ಬೆರೆಸಿದರೆ ನೀರಿನಲ್ಲಿಯೂ ಗಟ್ಟಿಗೊಳ್ಳುವ ಗಾರೆ. ವೃತ್ತಾಕಾರದ ಕಲ್ಲಿನ ಕಾಲುವೆಯಲ್ಲಿ ಎತ್ತುಗಳು ಎಳೆಯುವ ಕಲ್ಲುಗಾಲಿಯನ್ನು ಉರುಳಿಸಿ ಅದನ್ನು ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದುವನ್ನು ಸೇರಿಸುವ ಪದ್ಧತಿಯೂ ಇತ್ತು.

ಚಾಲುಕ್ಯ, ಹೊಯ್ಸಳರ ಶಿಲಾದೇವಾಲಯಗಳಲ್ಲಿ ಕಲ್ಲಿಗೆ ಕಲ್ಲನ್ನು ಗಾರೆಯಿಲ್ಲದೆ ಕೂಡಿಸಿರುವರೆಂಬುದು ನಿಜ. ಆದರೆ ಇಟ್ಟಿಗೆಯ ಕಟ್ಟಡ ಬಂದಲ್ಲೆಲ್ಲ ಸುಣ್ಣ ಅನಿವಾರ್ಯ. ಹಂಪೆಯ ಗೋಪುರಗಳ ಗಾರೆಯ ಶಿಲ್ಪಗಳೂ ಕಮಲಮಹಲಿನ ಕಮಾನುಗಳ ಕುಸುರಿಯೂ ಸುಣ್ಣದ ಕೆಲಸವೇ. ವಿಜಯಪುರದ ಗೋಳಗುಮ್ಮಟವು 1627ರಿಂದ 1656ರ ವರೆಗೆ ಆಳಿದ ಮುಹಮ್ಮದ್ ಆದಿಲಶಾಹನ ಸಮಾಧಿ. ಒಳವ್ಯಾಸ ಸುಮಾರು 38 ಮೀಟರ್ ಉಳ್ಳ ಆ ಗುಮ್ಮಟವು ನಡುವೆ ಒಂದೂ ಕಂಬವಿಲ್ಲದೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಬಲದಿಂದ ಇಂದಿಗೂ ನಿಂತಿದೆ. ತೀರ ಈಚಿನ ನಿದರ್ಶನ ಬೇಕೆಂದರೆ, 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೃಷ್ಣರಾಜಸಾಗರದ ಅಣೆಕಟ್ಟನ್ನು ಕಟ್ಟಿದುದು ಸುಣ್ಣ-ಸುರ್ಕಿಯ ಗಾರೆಯಿಂದ. ಕಾವೇರಿಯ ನೀರು ಆ ಗಾರೆಯ ಬಿಗುವನ್ನು ನಿತ್ಯವೂ ಪರೀಕ್ಷಿಸುತ್ತಲೇ ಇದೆ.

ಕಟ್ಟಡವಲ್ಲದೆ ಬೇರೆಡೆಯಲ್ಲಿಯೂ ಸುಣ್ಣದ ಸೇವೆ ವ್ಯಾಪಕವಾದುದು. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕಸವನ್ನು ಎತ್ತಲು, ತೊಗಲಿನ ಕೂದಲನ್ನು ತೆಗೆಯಲು, ಮಲೆನಾಡಿನ ಹುಳಿಮಣ್ಣನ್ನು ತಿದ್ದಲು ಸುಣ್ಣ ಬೇಕು. ಅರಿಶಿನಕ್ಕೆ ಸುಣ್ಣ ಬೆರೆತಾಗ ಕೆಂಪೇರುವ ಓಕುಳಿಯಿಲ್ಲದೆ ಆರತಿಯ ತಟ್ಟೆಯೂ ಬಣ್ಣಗೆಡುತ್ತದೆ.

ದುಡಿದವರು

ಉತ್ತರ ಕರ್ನಾಟಕದಲ್ಲಿ ‘ಸುಣಗಾರ’ ಎಂಬ ಮನೆತನದ ಹೆಸರು ಇಂದಿಗೂ ರೂಢಿಯಲ್ಲಿದೆ. ಸುಣ್ಣ ಸುಡುವುದನ್ನೇ ಕಸುಬಾಗಿ ಉಳ್ಳವರೆಂಬುದು ಅದರ ಅರ್ಥ. ಈ ಕಸುಬು ಸುಖದ್ದಾಗಿರಲಿಲ್ಲ. ಸುಟ್ಟ ಸುಣ್ಣದ ದೂಳು ಬೆವರಿಗೆ ಸೋಂಕಿದರೆ ಚರ್ಮ ಬೇಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗೂಡಿನಿಂದ ಹೊರಡುವ ಇಂಗಾಲಾಮ್ಲ ವಾಯು ಗಾಳಿಗಿಂತ ಭಾರವಾದುದು. ಚಳಿಗೆ ಬೆಚ್ಚಗಾಗಲೆಂದು ಗೂಡಿನ ಬಾಯ ಬಳಿ ಮಲಗಿದವರು ಉಸಿರುಗಟ್ಟಿ ಏಳದೆ ಹೋದ ದಾರುಣ ಪ್ರಸಂಗಗಳು ದೇಶವಿದೇಶಗಳಲ್ಲಿ ನಡೆದಿವೆ. ಗುಮ್ಮಟವನ್ನು ಕಟ್ಟಿಸಿದ ಅರಸನ ಹೆಸರು ಇತಿಹಾಸದಲ್ಲಿದೆ. ಅದಕ್ಕೆ ಸುಣ್ಣ ಸುಟ್ಟವರ ಹೆಸರು ಯಾವ ಶಾಸನದಲ್ಲಿಯೂ ಸಿಕ್ಕುವುದಿಲ್ಲ. ಅವರ ಏಕೈಕ ಸ್ಮಾರಕವೆಂದರೆ ಪಾಳುಬಿದ್ದ ಗೂಡು.

ಪರದೇಶದ ಎರಡು ನಿದರ್ಶನಗಳು

ಇಂಥ ಪಾಳುಗೂಡುಗಳನ್ನು ಸ್ಮಾರಕಗಳೆಂದು ಭಾವಿಸಿ ಕಾಪಾಡಿಕೊಂಡಿರುವ ದೇಶಗಳೂ ಉಂಟು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಸೆಟ್ಲ್ ಎಂಬ ಊರಿನ ಬಳಿಯ ಲ್ಯಾಂಗ್‌ಕ್ಲಿಫ್‌ನಲ್ಲಿ 1873ರಲ್ಲಿ ಕಟ್ಟಿದ ದೊಡ್ಡ ಗೂಡೊಂದಿದೆ. ಜರ್ಮನಿಯ ಹಾಫ್‌ಮನ್ ಎಂಬಾತ ಕಂಡುಹಿಡಿದ ಕ್ರಮದಂತೆ ರಚಿತವಾದ ಅದರಲ್ಲಿ 22 ಕೋಣೆಗಳು ಬಳಸಿಕೊಂಡು ನಿಂತಿವೆ. ಬೆಂಕಿಯು ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತುತ್ತ ಸಾಗುತ್ತಿತ್ತು. ಮುಂದಿನ ಕೋಣೆಯ ಕಲ್ಲನ್ನು ಹಿಂದಿನ ಕೋಣೆಯ ಬಿಸಿಗಾಳಿಯೇ ಕಾಯಿಸುತ್ತಿದ್ದುದರಿಂದ ಕಲ್ಲಿದ್ದಲು ಉಳಿತಾಯವಾಗುತ್ತಿತ್ತು. ಇಂದು ಅದರ ಬರಿದಾದ ಸುರಂಗದಲ್ಲಿ ಪ್ರವಾಸಿಗರು ನಡೆದಾಡುತ್ತಾರೆ. ನಾರ್ಥಂಬರ್ಲೆಂಡಿನ ಕಡಲತೀರದ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ 1860ರ ದಶಕದ ಗೂಡುಗಳ ಸಾಲೊಂದು ಕೋಟೆಯ ಮಗ್ಗುಲಲ್ಲೇ ಇದೆ. ಸ್ಕಾಟ್ಲೆಂಡಿನ ಡಂಡೀ ಬಂದರಿನಿಂದ ಹಡಗುಗಳು ಕಲ್ಲಿದ್ದಲನ್ನು ತಂದು ಸುಣ್ಣವನ್ನು ಒಯ್ಯುತ್ತಿದ್ದವು. ಕೋಟೆಯನ್ನು ನೋಡಲು ಹೋದವರು ಗೂಡನ್ನೂ ನೋಡಿ ಬರುತ್ತಾರೆ. ಅರಸನ ನೆನಪಿಗೂ ದುಡಿಮೆಗಾರನ ನೆನಪಿಗೂ ಅಲ್ಲಿ ಒಂದೇ ಆವರಣ.

ನೋಡುವ ಬಗೆ

ಕರ್ನಾಟಕದ ಹಳೆಯ ಗೂಡುಗಳಿಗೆ ಫಲಕಗಳಿಲ್ಲ, ಹುಡುಕಿಯೇ ನೋಡಬೇಕು. ‘ಸುಣ್ಣ’ ಎಂಬ ಶಬ್ದ ಸೇರಿದ ಹೊಲದ ಹೆಸರು ಮೊದಲ ಸುಳಿವು. ಹಳ್ಳದ ದಂಡೆ, ಹಳೆಯ ಬಂಡಿದಾರಿ, ಒಂದು ಇಳಿಜಾರು ಇವು ಕೂಡಿದ ಎಡೆಯಲ್ಲಿ ದುಂಡನೆಯ ಗೋಡೆ ಕಂಡರೆ ಅದರ ಒಳಮೈಯನ್ನು ಗಮನಿಸಬೇಕು. ಉರಿಯುಂಡ ಮಣ್ಣು ಕೆಂಪಾಗಿರುತ್ತದೆ. ಕೆಲವೆಡೆ ಕರಗಿ ಗಾಜಿನಂತೆ ಹೊಳೆಯುತ್ತದೆ. ಬುಡದಲ್ಲಿ ಕಂಡಿಯೂ ಸಮೀಪದಲ್ಲಿ ಬೂದಿ ಮತ್ತು ಅರೆಬೆಂದ ಕಲ್ಲಿನ ತಿಪ್ಪೆಯೂ ಇದ್ದರೆ ಸಂಶಯವಿಲ್ಲ.

ನೋಡಹೋಗುವವರು ಹೊಲದ ಒಡೆಯನ ಅನುಮತಿ ಪಡೆಯುವುದು ಸೌಜನ್ಯ. ಗೂಡಿನ ಬಾಯಂಚು ಸಡಿಲವಾಗಿರುವುದರಿಂದ ಅದರ ಮೇಲೆ ನಿಲ್ಲಬಾರದು, ಒಡಲೊಳಗೆ ಇಳಿಯಲೂಬಾರದು. ಹಾವುಚೇಳುಗಳಿಗೆ ಇಂಥ ಬಿರುಕುಗಳೇ ಮನೆ. ಈಗಲೂ ಉರಿಯುತ್ತಿರುವ ಗೂಡಾದರೆ ಮಕ್ಕಳನ್ನು ದೂರದಲ್ಲಿ ನಿಲ್ಲಿಸಬೇಕು.

ಜೀರ್ಣೋದ್ಧಾರದಲ್ಲಿ ಗಮನಿಸತಕ್ಕ ಅಂಶ

ಗೂಡುಗಳ ಉರಿ ಆರಿದುದಕ್ಕೆ ಕಾರಣ ಸಿಮೆಂಟು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪಡಿನ್ ಎಂಬಾತ ಸನ್ನದು ಪಡೆದ ಆ ದ್ರವ್ಯವು ಇಪ್ಪತ್ತನೆಯ ಶತಮಾನದಲ್ಲಿ ಈ ದೇಶದ ಮೂಲೆಮೂಲೆಯನ್ನೂ ಮುಟ್ಟಿತು. ಗಂಟೆಗಳಲ್ಲಿ ಬಿಗಿಯುವ ಸಿಮೆಂಟಿನ ಮುಂದೆ ತಿಂಗಳುಗಟ್ಟಲೆ ಕಾಯಿಸುವ ಸುಣ್ಣ ನಿಲ್ಲಲಾರದೆ ಹೋಯಿತು. ಅಂತಸ್ತಿನ ಮೇಲೆ ಅಂತಸ್ತು ಏರುವ ಇಂದಿನ ಶಾಲೆಗಳಿಗೂ ಆಸ್ಪತ್ರೆಗಳಿಗೂ ಸಿಮೆಂಟು ಬೇಕೇ ಬೇಕು. ಅದನ್ನು ಹಳಿಯುವುದು ಯುಕ್ತವಲ್ಲ.

ಆದರೆ ಹಳೆಯ ಗುಡಿ, ಮಠ, ವಾಡೆ, ಬಾವಿಗಳ ಜೀರ್ಣೋದ್ಧಾರದಲ್ಲಿ ಸಿಮೆಂಟನ್ನು ಬಳಸುವಾಗ ಒಂದು ಅಂಶವನ್ನು ಲಕ್ಷ್ಯದಲ್ಲಿಡಬೇಕು. ಹಳೆಯ ಗೋಡೆಯು ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರಿ, ಸುಣ್ಣದ ಸಂದುಗಳ ಮೂಲಕ ಅದನ್ನು ಆವಿಯಾಗಿ ಹೊರಬಿಡುತ್ತಿರುತ್ತದೆ. ಆ ಸಂದುಗಳನ್ನು ಬಿಗಿಯಾದ ಸಿಮೆಂಟಿನಿಂದ ಮುಚ್ಚಿದರೆ ತೇವಕ್ಕೆ ದಾರಿ ತಪ್ಪುತ್ತದೆ. ಅದು ಕಲ್ಲು ಅಥವಾ ಇಟ್ಟಿಗೆಯ ಮೈಯಿಂದಲೇ ಹೊರಡಬೇಕಾಗುತ್ತದೆ. ತೇವದೊಡನೆ ಬಂದ ಉಪ್ಪು ಅಲ್ಲಿ ಹರಳುಗಟ್ಟಿ ಕಲ್ಲಿನ ಪದರವನ್ನೇ ಕಳಚುತ್ತದೆ. ಸಂದು ಗಟ್ಟಿಯಾಗಿ ಉಳಿದು, ಅದು ರಕ್ಷಿಸಬೇಕಾಗಿದ್ದ ಕಲ್ಲು ಸವೆದುಹೋಗುತ್ತದೆ. ಸುಣ್ಣದ ಗಾರೆಯ ಧರ್ಮ ಇದಕ್ಕೆ ವಿಪರೀತವಾದುದು. ಅದು ಕಲ್ಲಿಗಿಂತ ಮೃದು. ಸವೆಯಬೇಕಾದಾಗ ತಾನು ಮೊದಲು ಸವೆದು ಕಲ್ಲನ್ನು ಉಳಿಸುತ್ತದೆ. ನವುರಾದ ಬಿರುಕು ಬಿಟ್ಟರೆ ಕರಗಿದ ಸುಣ್ಣವು ಅಲ್ಲಿ ಮತ್ತೆ ನೆಲೆಗೊಂಡು ಬಿರುಕನ್ನು ತಾನೇ ಮುಚ್ಚುವುದುಂಟು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಹಳೆಯ ಸ್ಮಾರಕಗಳ ದುರಸ್ತಿಯಲ್ಲಿ ಸುಣ್ಣದ ಗಾರೆಯನ್ನು ಬಳಸುತ್ತ ಬಂದಿರುವುದು ಈ ಕಾರಣದಿಂದಲೇ.

ಭಕ್ತಿಯಿಂದ ಧನವನ್ನು ಕೊಟ್ಟು ಹಳೆಯ ಗುಡಿಗೆ ಸಿಮೆಂಟು ಮೆತ್ತಿಸುವ ದಾನಿಗಳು ತಿಳಿಯದೆಯೇ ಅದರ ಆಯುಷ್ಯವನ್ನು ಕಡಮೆಮಾಡುವ ಸಂಭವವುಂಟು. ದಾನದ ಉದ್ದೇಶ ಪವಿತ್ರವಾಗಿದ್ದ ಮಾತ್ರಕ್ಕೆ ಗೋಡೆ ಉಳಿಯುವುದಿಲ್ಲ, ದ್ರವ್ಯವೂ ಸರಿಯಾದುದಾಗಿರಬೇಕು. ಕಟ್ಟಡವು ಶತಮಾನದ ಹಿಂದಿನದಾದರೆ ಗುತ್ತಿಗೆ ಕೊಡುವ ಮೊದಲು ಅದರ ಗಾರೆ ಯಾವುದೆಂದು ಪರೀಕ್ಷಿಸಿ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ವಿಚಾರಿಸುವುದು ಕರ್ತವ್ಯ. ಅಂಥ ಮೇಸ್ತ್ರಿಗಳು ಉಳಿಯಬೇಕಾದರೆ ಅವರಿಗೆ ಕೆಲಸ ಸಿಕ್ಕಬೇಕು. ಕೆಲಸ ಸಿಕ್ಕಬೇಕಾದರೆ ಇಂಥ ದಾನಿಗಳು ಮನಸ್ಸುಮಾಡಬೇಕು.

ಉಪಾಧ್ಯಾಯರ ಪಾಲಿನ ಕಾರ್ಯವೂ ಇದೆ. ಸುಣ್ಣದ ತಿಳಿನೀರಿಗೆ ಉಸಿರನ್ನೂದಿ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಪ್ರಯೋಗಶಾಲೆಯಲ್ಲಿ ಕಂಡ ವಿದ್ಯಾರ್ಥಿಗೆ, ಅದೇ ಕ್ರಿಯೆಯು ತನ್ನ ಊರ ಗುಡಿಯ ಗೋಡೆಯನ್ನು ಹಿಡಿದು ನಿಲ್ಲಿಸಿದೆಯೆಂದು ತೋರಿಸಿಕೊಡಬೇಕು. ಸಮೀಪದ ಗೂಡಿಗೆ ಮಕ್ಕಳನ್ನು ಕರೆದೊಯ್ದು, ಅದರ ಸುತ್ತಳತೆ ಎತ್ತರಗಳನ್ನು ಹೊರಗಿನಿಂದಲೇ ಅಳೆಯಿಸಿ, ಚಿತ್ರ ಬರೆಯಿಸಿ, ಆ ಕಸುಬಿನಲ್ಲಿ ದುಡಿದ ಹಿರಿಯರು ಬದುಕಿರುವಾಗಲೇ ಅವರ ಬಾಯಿಂದ ಗೂಡಿನ ಭಾಗಗಳ, ಹದಗಳ, ಉಪಕರಣಗಳ ಹೆಸರುಗಳನ್ನು ಬರೆದಿಡುವಂತೆ ಮಾಡಿದರೆ ಅದು ವಿಜ್ಞಾನಕ್ಕೂ ಚರಿತ್ರೆಗೂ ಕನ್ನಡ ನಿಘಂಟಿಗೂ ಏಕಕಾಲದಲ್ಲಿ ಸಲ್ಲುವ ಸೇವೆಯಾಗುತ್ತದೆ. ಕುಸಿದ ಗೂಡನ್ನು ಮತ್ತೆ ಕಟ್ಟಬಹುದು. ಅದರ ಹದವನ್ನು ಬಲ್ಲವರ ಮಾತು ಒಮ್ಮೆ ಅಳಿದರೆ ಮತ್ತೆ ದೊರೆಯದು.